ಸೋಮವಾರದ ಜರಡಿ

ಅಕ್ಷರಗಳ ಫೈಲು ಒಂಬೈನೂರ ಹದಿನಾಲ್ಕು ಬೈಟು ಇಳಿದಿತ್ತು. ವರದಿಯಲ್ಲಿ ಅದರ ಮೇಲಿನ ಸಾಲಿನಲ್ಲಿ, 'ತೆಗೆದ ಅಕ್ಷರಗಳು' ಎಂಬುದರ ಮುಂದೆ, ಒಂದೇ ಒಂದು ಅಕ್ಷರವಿತ್ತು: ಝ.

ಹುಣಸೂರಿನ ಗೊಬ್ಬರದ ಅಂಗಡಿಯೊಂದರ ಮೇಲಿದ್ದ ಎರಡು ಕೋಣೆಯ ಆಫೀಸಿನಲ್ಲಿ, ಒಂದು ಸೋಮವಾರ ಬೆಳಿಗ್ಗೆ ನಾನು ಆ ಸಾಲನ್ನು ಓದಿದೆ. ನನ್ನ ಹೆಸರು ಶುರುವಾಗುವುದು ಆ ಅಕ್ಷರದಿಂದ. ನಮ್ಮ ಇಡೀ ವೆಬ್‌ಸೈಟಿನಲ್ಲಿ ಆಗ ಅದು ಉಳಿದಿದ್ದದ್ದೂ ನನ್ನ ಹೆಸರಿನಲ್ಲಿ ಮಾತ್ರ. ಹಾಗಾಗಿ ಪುಟವನ್ನು ತೆರೆದು ನೋಡುವ ಮೊದಲೇ ನನಗೆ ವಿಷಯ ತಿಳಿದುಹೋಯಿತು. ಯಾರೋ ನನ್ನ ಹೆಸರನ್ನು ಅಳಿಸಿದ್ದರು. ಆ ಪುಟವನ್ನು ಬದಲಿಸಬಲ್ಲವರು ಇಬ್ಬರೇ ಇದ್ದೆವು. ಒಬ್ಬಳು ನಾನು. ಇನ್ನೊಬ್ಬರು ಅವರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಕಾರಣವಿದೆ, ಕೊನೆಗೆ ತಿಳಿಯುತ್ತದೆ. ಆಫೀಸಿನಲ್ಲಿ ನಾನು ಅವರನ್ನು ಸರ್ ಎನ್ನುತ್ತಿದ್ದೆ. ಊರಿನವರು ಪ್ರೆಸ್ಸಿನೋರು ಎನ್ನುತ್ತಿದ್ದರು, ಪ್ರೆಸ್ಸು ಮುಚ್ಚಿ ಎಷ್ಟೋ ವರ್ಷವಾಗಿದ್ದರೂ.

ಹತ್ತೊಂಬತ್ತು ವರ್ಷ ಅವರು ಹುಣಸೂರಿನ ಒಂದು ಚಿಕ್ಕ ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸಿದವರು. ಲಗ್ನಪತ್ರಿಕೆ, ತಿಥಿ ಕಾರ್ಡು, ನಾಟಕದ ಕರಪತ್ರ. ಅಂಥ ಪ್ರೆಸ್ಸುಗಳು ಎಲ್ಲ ಅಕ್ಷರವನ್ನೂ ಒಂದೇ ಪ್ರಮಾಣದಲ್ಲಿ ಕೊಳ್ಳುತ್ತಿರಲಿಲ್ಲವಂತೆ. ತಮ್ಮ ಊರಿನ ಕೆಲಸಕ್ಕೆ ಯಾವುದು ಎಷ್ಟು ಬೇಕೋ ಅಷ್ಟೇ. ನಾನು ಕೆಲಸ ಕೇಳಿಕೊಂಡು ಹೋದ ದಿನ ನನ್ನ ಅಂಕಪಟ್ಟಿಯ ಮೇಲಿನ ಹೆಸರನ್ನು ಓದಿ ಅವರು ಹೇಳಿದ್ದು ಇದನ್ನೇ.

"ಈ ಅಕ್ಷರದ ಮೊಳೆ ನಮ್ಮ ಪ್ರೆಸ್ಸಲ್ಲಿ ಎರಡೇ ಇದ್ವು ಕಣ್ರೀ. ಮಿಕ್ಕಿದ್ದೆಲ್ಲ ಸವೆದು ಮಸಿ ಮೆತ್ತಿಕೊಂಡಿದ್ರೆ, ಇವೆರಡು ಮಾತ್ರ ಹೊಸ ಪಾತ್ರೆ ಹಂಗೆ ಹೊಳೀತಿದ್ವು. ಮುಟ್ಟೋರೇ ಇರ್ಲಿಲ್ಲ."

ಅಂಕಪಟ್ಟಿ ನನ್ನ ಕಡೆಗೆ ಮುಖ ಮಾಡಿತ್ತು. ಅವರು ಅದನ್ನು ತಲೆಕೆಳಗಾಗಿಯೇ ಓದಿದ್ದರು. ಮೊಳೆ ಜೋಡಿಸುವವರಿಗೆ ಅದು ಬಂದೇ ಬರುತ್ತದೆ. ಕೈಯಲ್ಲಿ ಹಿಡಿದ ಸಾಲು ಅವರಿಗೆ ತಲೆಕೆಳಗಾಗಿಯೇ ಕಾಣುತ್ತದೆ. ಮೇಜಿನ ಆಚೆ ಕೂತವರ ಕೈಯಲ್ಲಿ ಏನಿದ್ದರೂ ಅವರು ಓದಿಬಿಡುತ್ತಿದ್ದರು. ಬ್ಯಾಂಕಿನ ಪಾಸ್‌ಬುಕ್ಕು, ಆಸ್ಪತ್ರೆಯ ಚೀಟಿ, ಪ್ರೇಮಪತ್ರ ಕೂಡ ಒಮ್ಮೆ. ನನಗದು ತಮಾಷೆಯಾಗಿ ಕಂಡಿತ್ತು. ಆ ಕಣ್ಣು ನನ್ನ ಕಾಗದದ ಮೇಲೂ ಬೀಳುತ್ತದೆ ಎಂದು ನಾನು ಯೋಚಿಸಿರಲಿಲ್ಲ.

ನಮ್ಮ ಸೈಟು ನಾಲ್ಕು ತಾಲ್ಲೂಕಿನದು: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಬಸ್ಸಿನ ಸಮಯ, ಕಾಲುವೆಗೆ ನೀರು ಬಿಡುವ ದಿನ, ಕರೆಂಟು ಹೋಗುವ ಹೊತ್ತು, ಸಂತೆಯ ದರ, ಕಾಡಂಚಿನ ಊರುಗಳಲ್ಲಿ ಆನೆ ಇಳಿದ ಸುದ್ದಿ. ನನ್ನೂರು ಹನಗೋಡಿನ ಹತ್ತಿರ. ನಮ್ಮಪ್ಪ ಬೆಳಿಗ್ಗೆ ಹೊಲಕ್ಕೆ ಹೊರಡುವ ಮೊದಲು ಫೋನು ಹಿಡಿದು ಅಂಗಳದ ಮೂಲೆಗೆ ಹೋಗಿ ನಿಲ್ಲುತ್ತಾರೆ; ಸಿಗ್ನಲ್ ಇರುವುದು ಅಲ್ಲಿ ಮಾತ್ರ. ಅಲ್ಲಿ ಪುಟ ಬೇಗ ತೆರೆಯಬೇಕು. ಹಳೆಯ ಫೋನುಗಳಲ್ಲಿ ಕನ್ನಡದ ಜಾಗದಲ್ಲಿ ಬರೀ ಚೌಕಗಳು ಕಾಣುತ್ತಿದ್ದ ಕಾರಣ ನಾವು ಪುಟದ ಜೊತೆ ನಮ್ಮದೇ ಅಕ್ಷರಗಳನ್ನು ಕಳಿಸುತ್ತಿದ್ದೆವು. ಆದರೆ ಕನ್ನಡದ ಪೂರ್ತಿ ಫಾಂಟು, ಕಾಗುಣಿತ ಒತ್ತು ಎಲ್ಲ ಸೇರಿ, ಆ ಅಂಗಳದ ಮೂಲೆಗೆ ತುಂಬಾ ಭಾರ.

ಹಾಗಾಗಿ ಜರಡಿ. ಆ ಹೆಸರಿಟ್ಟದ್ದು ಅವರೇ. ಒಂದು ಸಣ್ಣ ಪ್ರೋಗ್ರಾಂ ಸೈಟಿನ ಪ್ರತಿ ಪುಟವನ್ನೂ ಓದಿ, ಎಲ್ಲಾದರೂ ಒಮ್ಮೆಯಾದರೂ ಬಳಕೆಯಾದ ಅಕ್ಷರಗಳ ಪಟ್ಟಿ ಮಾಡುತ್ತದೆ. ಪಟ್ಟಿಯಲ್ಲಿ ಇಲ್ಲದ್ದನ್ನು ಫಾಂಟಿನಿಂದ ಕತ್ತರಿಸುತ್ತದೆ. ಕೊನೆಗೆ ನಾಲ್ಕು ಸಾಲಿನ ವರದಿ ಕೊಡುತ್ತದೆ. ಪ್ರತಿ ಸೋಮವಾರ ಬೆಳಿಗ್ಗೆ ಜರಡಿ. ಅವರು ಕುರ್ಚಿಯ ಹಿಂದೆ ನಿಂತು, "ಕೊನೇ ಸಾಲು ಮೊದ್ಲು ಓದಮ್ಮ" ಎನ್ನುತ್ತಿದ್ದರು. ಕೊನೆಯ ಸಾಲಿನಲ್ಲಿ ಎಷ್ಟು ಬೈಟು ಇಳಿಯಿತು ಎಂದಿರುತ್ತಿತ್ತು.

ಅಕ್ಷರಗಳನ್ನು ಬರೆದವಳು ನಾನು. ಇದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಬಹಳ ಕಾಲ ಇದು ಎಲ್ಲೂ ಬರೆದಿರಲಿಲ್ಲ. ಎರಡು ವರ್ಷ, ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಸಣ್ಣ ಪರದೆಯಲ್ಲಿ ಒತ್ತಕ್ಷರ ಮೇಲಿನ ಅಕ್ಷರಕ್ಕೆ ಅಂಟಬಾರದು, ಬಿಸಿಲಲ್ಲಿ ಹಿಡಿದರೂ ಸೊನ್ನೆ ಮುಚ್ಚಿಹೋಗಬಾರದು. ಅವರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ತೋರುಬೆರಳು ಹೆಬ್ಬೆರಳನ್ನು ಸದಾ ಏನನ್ನೋ ಚಿವುಟಿ ಹಿಡಿದ ಹಾಗೆ ಇಟ್ಟುಕೊಂಡಿರುತ್ತಿದ್ದರು, ಮೊಳೆ ಹಿಡಿದು ಹಿಡಿದು ಬಂದ ಅಭ್ಯಾಸ. "ಈ ಹೊಟ್ಟೆ ಜಾಸ್ತಿ ಆಯ್ತು", "ಈ ಕೊಂಬು ಕುಂತ್ಕೊಳ್ತಾ ಇಲ್ಲ" ಎನ್ನುತ್ತಿದ್ದರು. ಬಹಳ ಸಲ ಅವರು ಹೇಳಿದ್ದು ಸರಿಯಿರುತ್ತಿತ್ತು. ಅದನ್ನೂ ಬರೆಯುತ್ತೇನೆ; ನನಗೆ ಸುಳ್ಳು ಬೇಕಿಲ್ಲ. ಆದರೆ ಅವರು ಒಂದು ಗೆರೆಯನ್ನೂ ಎಳೆಯಲಿಲ್ಲ.

ಝ ನನಗೆ ಹನ್ನೊಂದು ದಿನ ಹಿಡಿಯಿತು. ಅಷ್ಟು ಅಪರೂಪದ ಅಕ್ಷರಕ್ಕೆ ಅಷ್ಟು ದಿನ ಯಾಕೆ ಎಂದು ಅವರು ಕೇಳಲಿಲ್ಲ. ಅದು ಯಾರ ಅಕ್ಷರ ಎಂದು ಅವರಿಗೆ ಗೊತ್ತಿತ್ತು.

ಒಳ್ಳೆಯ ದಿನಗಳೂ ಇದ್ದವು. ಪುಟ ಎಷ್ಟು ಬೇಗ ತೆರೆಯುತ್ತದೆ ಎಂದು ನೋಡಲು ಅವರು ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಎಲ್ಲಿ ಸಿಗ್ನಲ್ ಕೆಟ್ಟದಾಗಿದೆಯೋ ಅಲ್ಲಿ ಇಳಿಯುವುದು, ಅಲ್ಲಿ ಸಿಕ್ಕವರ ಫೋನಿನಲ್ಲೇ ಸೈಟು ತೆರೆಯುವುದು, ಅಕ್ಷರ ಮೂಡುವವರೆಗೆ ಅವರು ಗಟ್ಟಿಯಾಗಿ ಎಣಿಸುವುದು. ಎಚ್.ಡಿ. ಕೋಟೆಯ ಆಚೆ ಒಂದು ಬಸ್ ನಿಲ್ದಾಣದಲ್ಲಿ ಸೊಪ್ಪು ಮಾರುತ್ತಿದ್ದ ಹೆಂಗಸೊಬ್ಬಳ ಫೋನು ಇಸಿದುಕೊಂಡಿದ್ದರು.

"ಒಂದು, ಎರಡು, ಮೂರು…"

"ಏನ್ ಸಾ, ಕುರಿ ಎಣಿಸ್ತಾ ಇದ್ದೀರಾ?"

"ಅಕ್ಷರ ಕಣಮ್ಮ. ಬತ್ತಾವೆ ಇರು. ನಾಕು, ಐದು…"

"ನೀವ್ ಎಣಿಸ್ಬುಟ್ರೆ ಬಸ್ಸು ಬಂದ್ಬುಡ್ತದಾ?"

"ಬಸ್ಸು ಬರಲ್ಲ, ಬಸ್ಸು ಯಾವಾಗ ಬತ್ತದೆ ಅನ್ನೋದು ಬತ್ತದೆ."

"ಅಷ್ಟ್ಕೆ ಇಷ್ಟು ದೂರ ಬಂದ್ರಾ? ಆ ಅಂಗ್ಡಿಯೋನ್ನ ಕೇಳಿದ್ರೆ ಏಳ್ತಿದ್ದ ಬುಡಿ."

ಎಣಿಕೆ ಏಳಕ್ಕೆ ಬಂದಾಗ ಪುಟ ತೆರೆಯಿತು. ಅವಳು ಫೋನು ವಾಪಸ್ ಇಸಿದುಕೊಂಡು ಕಣ್ಣು ಕಿರಿದು ಮಾಡಿ ಓದಿದಳು. "ದುಂಡಗವೆ ಅಕ್ಷರ. ಯಾರ್ ಬರ್ದಿದ್ದು?" ಅವರು ನನ್ನ ಕಡೆ ಕೈ ತೋರಿಸಿ, "ಇವಳೇ" ಎಂದರು. ನಾಲ್ಕು ತಾಲ್ಲೂಕಿನಲ್ಲಿ ಅವರು ಅದನ್ನು ಹೇಳಿದ್ದು ಆ ಒಬ್ಬಳ ಮುಂದೆ ಮಾತ್ರ, ನನಗೆ ಗೊತ್ತಿರುವ ಹಾಗೆ.

ಸೈಟಿನಲ್ಲಿ 'ಈ ತಾಣ ಮಾಡಿದವರು' ಎಂದು ಒಂದು ಪುಟವಿತ್ತು, ಎರಡು ಸಾಲಿನದು. ಸಂಪಾದನೆ ಎಂದು ಅವರ ಹೆಸರು. ಅಕ್ಷರ ಎಂದು ನನ್ನ ಹೆಸರು. ಆ ಎರಡನೆಯ ಸಾಲು ನನಗೆ ಎಷ್ಟು ಮುಖ್ಯವಾಗಿತ್ತು ಎಂದು ನಾನು ಯಾರಿಗೂ ಹೇಳಿಕೊಂಡವಳಲ್ಲ. ಅಕ್ಷರ ವಿನ್ಯಾಸವನ್ನೇ ಮುಂದೆ ಓದಬೇಕೆಂದು ದೂರದ ಒಂದು ಸಂಸ್ಥೆಯ ಫೆಲೋಶಿಪ್ಪಿಗೆ ಅರ್ಜಿ ಹಾಕಿದೆ. ನಿಮ್ಮ ಹೆಸರಿನಲ್ಲಿ ಪ್ರಕಟವಾದ ಕೆಲಸ ತೋರಿಸಿ ಎಂದು ಸಂಸ್ಥೆಯವರು ಕೇಳಿದ್ದರು. ನನ್ನ ಹತ್ತಿರ ಇದ್ದದ್ದು ಆ ಪುಟ. ಅದರ ವಿಳಾಸ ಬರೆದೆ. ಕಳಿಸುವ ಮುನ್ನ ಅರ್ಜಿಯನ್ನು ಅಚ್ಚು ಹಾಕಿಸಿ, ಮೇಜಿನ ಮೇಲೆ ಇಟ್ಟುಕೊಂಡು, ತಪ್ಪು ತಿದ್ದುತ್ತಾ ಕೂತೆ. ಅವರು ಎದುರಿನ ಕುರ್ಚಿಯಲ್ಲಿ ಚಹಾ ಕುಡಿಯುತ್ತಿದ್ದರು. ಏನೂ ಕೇಳಲಿಲ್ಲ. ಚಹಾ ಮುಗಿಸಿ ಲೋಟವನ್ನು ಅವರೇ ತೊಳೆದಿಟ್ಟರು. ಅವರು ಲೋಟ ತೊಳೆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆ ವಾರ ಬಿಸಿಲಿನ ಬಗ್ಗೆ ಬರೆದ ಸುದ್ದಿಯಲ್ಲಿ 'ಬಿಸಿಲ ಝಳ' ಎಂದಿತ್ತು. ಅವರು ಅದನ್ನು ತೆಗೆದು 'ಬಿಸಿಲ ಕಾವು' ಎಂದು ಮಾಡಿದರು. ಒಂದು ಪದಕ್ಕೋಸ್ಕರ ಒಂದು ಅಕ್ಷರ ಸಾಕೋದು ಬೇಡ ಎನ್ನುವುದು ಅವರ ಹಳೆಯ ಮಾತು. ಪ್ರೆಸ್ಸಿನಲ್ಲಿ ಖಾನೆಯಲ್ಲಿ ಮೊಳೆ ಇಲ್ಲದಿದ್ದರೆ ಪದವನ್ನೇ ಬದಲಿಸುತ್ತಿದ್ದರಂತೆ. ಮರುವಾರ ಎಚ್.ಡಿ. ಕೋಟೆ ಕಡೆಯ ಒಂದು ಹಳೆಯ ಬರಹದಲ್ಲಿದ್ದ 'ಝರಿ' ಹೋಗಿ 'ತೊರೆ' ಬಂತು. ನಾನು ನಕ್ಕು, "ನನ್ನ ಹೆಸರಿದೆಯಲ್ಲ ಸರ್, ಆ ಅಕ್ಷರ ಹೇಗೂ ಇದ್ದೇ ಇರುತ್ತೆ" ಎಂದೆ. "ಹೂಂ" ಎಂದರು.

ಅದರ ಮುಂದಿನ ಸೋಮವಾರವೇ ಆ ಒಂಬೈನೂರ ಹದಿನಾಲ್ಕು ಬೈಟು. ನನ್ನ ಹೆಸರನ್ನು ತೆಗೆಯುವ ಮೊದಲು ಅದರ ನೆಂಟರನ್ನೆಲ್ಲ ಒಬ್ಬೊಬ್ಬರಾಗಿ ಕಳಿಸಿದ್ದರು. ಅದು ಬರೀ ಅಭ್ಯಾಸವಿದ್ದರೂ ಇರಬಹುದು. ನಾನು ಲೆಕ್ಕಾಚಾರವೆಂದೇ ಇಟ್ಟುಕೊಂಡಿದ್ದೇನೆ.

ಪುಟ ತೆರೆದು ನೋಡಿದೆ. ಎರಡು ಸಾಲು ಒಂದಾಗಿತ್ತು. 'ಸಂಪಾದನೆ, ವಿನ್ಯಾಸ, ಅಕ್ಷರ' ಎಂದು, ಮುಂದೆ ಅವರ ಹೆಸರು.

"ಸರ್, ನನ್ನ ಹೆಸರು ಹೋಗಿದೆ."

"ಹೋಗಿದೆ ಅಲ್ಲಮ್ಮ, ತೆಗೆದಿದ್ದೀನಿ."

"ಯಾಕೆ?"

ಅವರು ಕನ್ನಡಕ ಒರೆಸಿಕೊಂಡರು. ದನಿ ಎತ್ತಲಿಲ್ಲ. "ನೀನೇ ನೋಡಿದ್ಯಲ್ಲ ವರದಿ. ಸೈಟಲ್ಲೆಲ್ಲಾ ಆ ಅಕ್ಷರ ಇರೋದು ನಿನ್ನ ಹೆಸರಲ್ಲಿ ಮಾತ್ರ. ನಿನ್ನೊಬ್ಬಳಿಗೋಸ್ಕರ ಒಂದು ಅಕ್ಷರ ಎಲ್ಲರ ಫೋನಿಗೂ ಇಳೀಬೇಕಾ? ನಿಮ್ಮಪ್ಪನ ಫೋನೂ ಸೇರಿಸ್ಕೊಂಡು ಹೇಳ್ತಾ ಇದ್ದೀನಿ."

ಅವರ ನಿಯಮ ಪೂರ್ತಿ ಸರಿಯಿತ್ತು. ನಾನು ವರದಿಯನ್ನು ಮುಚ್ಚಿದೆ.

ಗ್ರಾಫ್ ಹಾಳೆಗಳನ್ನಾದರೂ ಕೊಡಿ ಎಂದು ಮಾರನೆಯ ದಿನ ಕೇಳಿದೆ. ಅವೆಲ್ಲ ಅವರ ಬೀರುವಿನಲ್ಲಿದ್ದವು. "ಗೆದ್ದಲು ಹತ್ತಿತ್ತು ಕಣಮ್ಮ, ಹೋದ ತಿಂಗಳೇ ಸುಟ್ಟುಬಿಟ್ಟೆ" ಎಂದರು. ಕೆಲವು ವಾರದ ಮೇಲೆ ಸಂಸ್ಥೆಯಿಂದ ಉತ್ತರ ಬಂತು. ಅದರಲ್ಲಿ ಒಂದು ವಾಕ್ಯ ನನಗೆ ಬಾಯಿಪಾಠ: ನೀವು ಕೊಟ್ಟ ಪುಟದಲ್ಲಿ ನಿಮ್ಮ ಹೆಸರು ಕಾಣಲಿಲ್ಲ.

ಆ ತಿಂಗಳ ಕೊನೆಗೆ ಕೆಲಸ ಬಿಟ್ಟೆ. ಮನೆಯಲ್ಲಿ ಕಾರಣ ಹೇಳಲಿಲ್ಲ. ಪಿರಿಯಾಪಟ್ಟಣದಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳಿದೆ. ಅಪ್ಪ ಬೆಳಿಗ್ಗೆ ಅಂಗಳದ ಮೂಲೆಯಲ್ಲಿ ನಿಂತು ಸೈಟು ತೆರೆಯುವುದನ್ನು ನೋಡಿದಾಗಲೆಲ್ಲ ನಾನು ಒಳಗೆ ಹೋಗುತ್ತಿದ್ದೆ. ನನ್ನ ಅಕ್ಷರದಲ್ಲೇ ಅಪ್ಪ ಆನೆಯ ಸುದ್ದಿ ಓದುತ್ತಿದ್ದರು. ಮೂರು ವರ್ಷ ಹಾಗೇ ಹೋಯಿತು. ಈ ಮೂರು ವರ್ಷದಲ್ಲಿ ನಾನು ಅವರನ್ನು ಕ್ಷಮಿಸಲು ಪ್ರಯತ್ನಿಸಿದೆ ಎಂದು ಬರೆದರೆ ಓದುವವರಿಗೆ ಹಿತವಾಗಬಹುದು. ನಾನು ಪ್ರಯತ್ನಿಸಲಿಲ್ಲ.

ಈ ವರ್ಷ ಅವರು ಸೈಟನ್ನು ನಾಲ್ಕು ತಾಲ್ಲೂಕಿನ ರೈತರು ಸೇರಿ ಮಾಡಿಕೊಂಡ ಒಂದು ಕಂಪನಿಗೆ ಒಪ್ಪಿಸಿ ನಿವೃತ್ತರಾದರು. ಕಂಪನಿಯ ಕಾರ್ಯದರ್ಶಿ ಕೆ.ಆರ್. ನಗರ ಕಡೆಯ ಭತ್ತದ ರೈತ. ನನ್ನ ನಂಬರನ್ನು ಎಲ್ಲಿಂದಲೋ ಹುಡುಕಿ ಫೋನು ಮಾಡಿದರು.

"ಅಮ್ಮಾ, ಸೈಟು ನಮ್ ಕೈಗೆ ಬಂದದೆ. ಓಡ್ಸೋರು ಯಾರೂ ಇಲ್ಲ. ನೀವೇ ಮೊದ್ಲು ಮಾಡಿದ್ದೋರಂತಲ್ಲ?"

"ಯಾರು ಹೇಳಿದ್ರು?"

"ಗೊಬ್ಬರದ ಅಂಗ್ಡಿಯೋರು. ಮೇಲ್ಗಡೆ ಒಂದು ಉಡುಗಿ ದಿನಾ ಅಕ್ಷರ ಬರೀತಾ ಕುಂತಿರ್ತಿತ್ತು ಅಂದ್ರು. ಬಂದು ನೋಡ್ಕೊಳಿ. ಒಳ್ಗೆ ಬಳ್ಕೆ ಇಲ್ಲದ್ದು ಏನೇನದೆಯೋ, ಎಲ್ಲ ತೆಗ್ದಾಕ್ಬುಡಿ."

ಆ ಮಾತನ್ನು ನಾನು ಹಾಗೇ ಬರೆದಿಟ್ಟುಕೊಂಡೆ. ಕೆಲಸ ಒಪ್ಪಿಕೊಂಡ ಮೇಲೂ ಮಾಡಿದವರ ಪುಟವನ್ನು ಮುಟ್ಟಲಿಲ್ಲ. ಕೆಲವು ವಾರ ಅದು ಹಾಗೇ ಇತ್ತು. ಸರ್ ಅವರ ಬೀಳ್ಕೊಡುಗೆ ಒಂದು ಭಾನುವಾರ ಹುಣಸೂರಿನ ಸಮುದಾಯ ಭವನದಲ್ಲಿತ್ತು. ಹೋಗಬಾರದೆಂದುಕೊಂಡಿದ್ದೆ. ಹೋದೆ, ನಾಲ್ಕನೆಯ ಸಾಲಿನಲ್ಲಿ ಕೂತೆ.

ಅವರಿಗೆ ಪೇಟ ತೊಡಿಸಿದರು, ಶಾಲು ಹೊದಿಸಿದರು. ಅವರು ಚೆನ್ನಾಗಿ ಮಾತಾಡಿದರು. ಮೊಳೆಯ ಕಾಲ, ಜರಡಿಯ ಕಾಲ. ಬಸ್ ನಿಲ್ದಾಣದಲ್ಲಿ ಎಣಿಸಿದ ಕಥೆ ಹೇಳಿ ಜನರನ್ನು ನಗಿಸಿದರು. ಸೊಪ್ಪಿನವಳು 'ಯಾರ್ ಬರ್ದಿದ್ದು' ಎಂದು ಕೇಳುವ ಜಾಗ ಬಂತು. ಅವರು ಒಂದು ಕ್ಷಣ ನಿಲ್ಲಿಸಿ ಸಭೆಯನ್ನು ನೋಡಿದರು. ನಾನು ಅವರಿಗೆ ಕಂಡೆ. ಕಣ್ಣು ನನ್ನ ಮೇಲೆ ನಿಂತದ್ದು ನನಗೆ ಗೊತ್ತಾಯಿತು.

"ನಾನೇ ಕಣಮ್ಮ ಅಂದೆ. ನಂಬಲೇ ಇಲ್ಲ ಅವಳು."

ಜನ ಚಪ್ಪಾಳೆ ಹೊಡೆದರು.

ಊಟದ ಪಂಕ್ತಿಯಲ್ಲಿ ಅವರ ಹೆಂಡತಿ ನನ್ನ ಪಕ್ಕ ಬಂದು ಕೂತರು. ಒಳ್ಳೆಯ ಹೆಂಗಸು, ಆಫೀಸಿಗೆ ಹಬ್ಬದ ದಿನ ಒಬ್ಬಟ್ಟು ಕಳಿಸುತ್ತಿದ್ದವರು.

"ಎಷ್ಟು ದಿನ ಆಯ್ತವ್ವ ನಿನ್ನ ನೋಡಿ. ಮನೆ ಕಡೆ ಬರಲೇ ಇಲ್ಲ ನೀನು. ಹೊಸ ಮನೆ ನೋಡಿಲ್ಲ ಅಲ್ವಾ?"

"ಇಲ್ಲ ಆಂಟಿ."

"ಬಾ ಒಂದಿನ. ಹಜಾರದಲ್ಲಿ ಇವರು ಬರೆದ ಅಕ್ಷರಕ್ಕೆ ಕಟ್ಟು ಹಾಕ್ಸಿ ಇಟ್ಟವ್ರೆ, ಗ್ಲಾಸು ಎಲ್ಲ ಹಾಕ್ಸಿ. ಚೌಕಳಿ ಹಾಳೆ ಮೇಲೆ ಪೆನ್ಸಿಲಲ್ಲಿ ಬರ್ದಿರೋದು. ಸುರುಳಿ ಸುರುಳಿಯಾಗಿ ಅದೆ, ನಂಗಂತೂ ಅದು ಯಾವ ಅಕ್ಷರ ಅಂತ್ಲೇ ಗೊತ್ತಾಗಲ್ಲ. ಬಂದೋರ್ಗೆಲ್ಲಾ ತೋರಿಸ್ತಾರೆ. ಅದೊಂದಕ್ಕೇ ಹನ್ನೊಂದು ದಿನ ಹಿಡೀತಂತೆ ಇವರಿಗೆ."

ಎಲೆಯ ಮೇಲೆ ಅನ್ನ ಬಿದ್ದಿತ್ತು. ನಾನು ಸಾರು ಕಲಸಿಕೊಂಡೆ. ಗೆದ್ದಲು ಎಲ್ಲ ಹಾಳೆಯನ್ನೂ ತಿಂದು ಅದೊಂದನ್ನು ಬಿಟ್ಟಿತ್ತು. ನನ್ನ ಹನ್ನೊಂದು ದಿನವೂ ಅದರ ಜೊತೆಗೆ ಅವರ ಗೋಡೆಗೆ ಹೋಗಿತ್ತು.

ಕೈ ತೊಳೆಯುವಲ್ಲಿ ಅವರೇ ಎದುರಾದರು. ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದರು. ಮುಪ್ಪಾಗಿದ್ದರು. ಬೆರಳುಗಳು ಮಾತ್ರ ಹಾಗೇ ಚಿವುಟಿಕೊಂಡಿದ್ದವು.

"ಫೈಲು ಎಷ್ಟಿದೆ ಈಗ?" ಅವರ ಮೊದಲ ಮಾತು ಅದು.

"ಮೂವತ್ತೊಂದು ಕೆಬಿ."

"ನನ್ನ ಕಾಲದಲ್ಲಿ ಮೂವತ್ತು ದಾಟಿರಲಿಲ್ಲ."

"ಪುಟ ಜಾಸ್ತಿಯಾಗಿವೆ ಸರ್." ನಲ್ಲಿ ನಿಲ್ಲಿಸಿ ಹೇಳಿದೆ: "ಸೊಪ್ಪಿನವಳಿಗೆ ನೀವು ಹೇಳಿದ್ದು ಬೇರೆ."

ಅವರು ಸುತ್ತ ನೋಡಿದರು, ಆಮೇಲೆ ನನ್ನನ್ನು. ಸಿಟ್ಟಿರಲಿಲ್ಲ. "ಹತ್ತೊಂಬತ್ತು ವರ್ಷ ಮೊಳೆ ಜೋಡಿಸ್ದೆ ಕಣಮ್ಮ. ಈ ಊರಲ್ಲಿ ಎಷ್ಟು ಜನರ ಮದುವೆ, ಎಷ್ಟು ಜನರ ತಿಥಿ ನನ್ನ ಕೈಯಲ್ಲಿ ಹೋದವು. ಕೆಳಗಡೆ ಸಣ್ಣದಾಗಿ ಪ್ರೆಸ್ಸಿನ ಹೆಸರಿರೋದು. ನನ್ನ ಹೆಸರು ಯಾವುದರಲ್ಲಾದ್ರೂ ಇತ್ತಾ? ಒಂದರಲ್ಲಾದ್ರೂ?"

"ಹಾಗಾದ್ರೆ ಹೆಸರಿಲ್ಲದೆ ಇರೋದು ಹೇಗಿರುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತು."

ಯಾರೋ ಫೋಟೋಗೆ ಕರೆದರು. ಅವರು ಪೇಟವನ್ನು ಮತ್ತೆ ತಲೆಗಿಟ್ಟುಕೊಂಡು ಹೋದರು. ಅದು ಸ್ವಲ್ಪ ವಾರೆಯಾಗಿತ್ತು. ನಾನು ಹೇಳಬಹುದಿತ್ತು. ಹೇಳಲಿಲ್ಲ.

ಮಾರನೆಯ ದಿನ ಸೋಮವಾರ. ಎಂಟೂವರೆಯ ಬಸ್ಸಿಗೆ ಹುಣಸೂರಿಗೆ ಬಂದು ಆಫೀಸಿನ ಬಾಗಿಲು ತೆಗೆದೆ. ಕೆಳಗಿನಿಂದ ಗೊಬ್ಬರದ ವಾಸನೆ ಬರುತ್ತಿತ್ತು. ಮಾಡಿದವರ ಪುಟ ತೆರೆದು, ಅಕ್ಷರ ಎಂದು ಬರೆದು, ಅದರ ಮುಂದೆ ನನ್ನ ಹೆಸರು ಬರೆದೆ. ಜರಡಿ ನಡೆಸಿದೆ. ಸೇರಿದ ಅಕ್ಷರಗಳು: ಝ. ಏರಿಕೆ: ಒಂಬೈನೂರ ಹದಿನೆಂಟು ಬೈಟು. ಹಳೆಯದಕ್ಕಿಂತ ನಾಲ್ಕು ಹೆಚ್ಚು. ಈ ನಡುವೆ ಸುತ್ತಲಿನ ಅಕ್ಷರಗಳೇನೋ ಬದಲಾಗಿರಬೇಕು.

ಆಮೇಲೆ ಅವರ ಹೆಸರನ್ನು ಅಳಿಸಿದೆ. ಸಂಪಾದನೆ, ವಿನ್ಯಾಸ, ಎಲ್ಲವನ್ನೂ, ಇಡೀ ಸಾಲು. ಇನ್ನೊಮ್ಮೆ ಜರಡಿ ನಡೆಸಿ, ಅವರು ಕಲಿಸಿದ ಹಾಗೆ ಕೊನೆಯ ಸಾಲನ್ನು ಮೊದಲು ಓದಿದೆ. ಇಳಿಕೆ: ಸೊನ್ನೆ. ಮೇಲಿನ ಸಾಲು, ತೆಗೆದ ಅಕ್ಷರಗಳು: ಇಲ್ಲ. ಅವರ ಹೆಸರಿನ ಅಕ್ಷರಗಳೆಲ್ಲ ಬೇರೆ ಪುಟಗಳಲ್ಲೂ ಇದ್ದವು.

ಎರಡೂ ವರದಿಗಳ ಚಿತ್ರವನ್ನು ಅವರ ಫೋನಿಗೆ ಕಳಿಸಿದೆ. ಜೊತೆಗೆ ಏನೂ ಬರೆಯಲಿಲ್ಲ.